ನಕ್ಷತ್ರ ಎಣಿಸಿದರೆ ರೋಗಿಯ ಮಾತು ಕೇಳಿದಂತಾಗದು

ಪುಣೆಯ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಈಗ ಒಂದು ಮಾತು ಕಣ್ಣಿಗೆ ಬೀಳುತ್ತದೆ: ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ.’ ಬಿಲ್ಲಿಂಗ್ ಕೌಂಟರಿನ ಮೇಲೆ ನಗುವ ಮುಖ, ಅಳುವ ಮುಖಗಳ ಫಲಕ ಇರುತ್ತದೆ. ಲಿಫ್ಟಿನ ಪಕ್ಕದ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಮನೆ ಸೇರುವಷ್ಟರಲ್ಲಿ ಮೊಬೈಲಿಗೆ ಸಂದೇಶ, ಅದರ ಬೆನ್ನಿಗೇ ಒಂದು ಕರೆ, ಐದು ನಕ್ಷತ್ರ ಕೊಡಿ ಎಂಬ ಕೋರಿಕೆ. ಸರ್ಕಾರವೂ ಹಿಂದೆ ಉಳಿದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ‘ಮೇರಾ ಅಸ್ಪತಾಲ್’ ಯೋಜನೆ ಶುರು ಮಾಡಿತು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಿಗೆ ಎಸ್‌ಎಂಎಸ್ ಅಥವಾ ಯಂತ್ರದ ಕರೆ ಬರುತ್ತದೆ. ತೃಪ್ತಿಯಾಯಿತೇ, ಇಲ್ಲವೇ, ಇಲ್ಲವಾದರೆ ಯಾಕೆ ಎಂದು ಕೇಳುತ್ತದೆ. ಗುಂಡಿ ಒತ್ತಿದರೆ ಮುಗಿಯಿತು.

ಇದರ ಹಿಂದಿನ ನಂಬಿಕೆ ಇಷ್ಟೇ: ರೋಗಿ ಗ್ರಾಹಕ. ಗ್ರಾಹಕನ ತೃಪ್ತಿಯೇ ಗುಣಮಟ್ಟದ ಅಳತೆ. ಅಳತೆ ಸಿಕ್ಕಿದರೆ ಸುಧಾರಣೆ ತಾನಾಗಿಯೇ ಬರುತ್ತದೆ. ಆಡಳಿತಗಾರರು, ಗುಣಮಟ್ಟದ ಸಲಹೆಗಾರರು, ಮಾನ್ಯತೆಗಾಗಿ ಕಡತ ಸಿದ್ಧಪಡಿಸುವವರು ಎಲ್ಲರೂ ಇದನ್ನು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿದ್ದಾರೆ. ಪತ್ರಿಕೆಗಳೂ ಒಪ್ಪಿಕೊಂಡಿವೆ. ‘ಶೇಕಡಾ ಇಷ್ಟು ರೋಗಿಗಳಿಗೆ ತೃಪ್ತಿ’ ಎಂಬ ಸುದ್ದಿ ಬಂದರೆ ಆಸ್ಪತ್ರೆ ಚೆನ್ನಾಗಿದೆ ಎಂದೇ ಓದುತ್ತೇವೆ.

ಈ ನಂಬಿಕೆ ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಇದರಿಂದ ಹಾನಿಯೂ ಇದೆ. ಕೇಳಿದವರು ಉತ್ತರ ಕೊಡಲು ಬದ್ಧರಾಗಿರುವ ಕಡೆ ಮಾತ್ರ ರೋಗಿಯ ಮಾತಿಗೆ ಬೆಲೆ. ಉತ್ತರಿಸುವ ಹೊಣೆಯನ್ನು ಕಳಚಿಟ್ಟು ಅಭಿಪ್ರಾಯ ಮಾತ್ರ ಸಂಗ್ರಹಿಸುವ ವ್ಯವಸ್ಥೆ ರೋಗಿಯ ಮೂಗಿಗೆ ತುಪ್ಪ ಸವರುತ್ತದೆ, ದೂರು ಹೇಳಬೇಕಾದ ಜಾಗವನ್ನೂ ತಾನೇ ಆಕ್ರಮಿಸಿಕೊಳ್ಳುತ್ತದೆ. ರೋಗಿಯನ್ನು ಕೇಳಲೇಬಾರದು ಎಂಬುದು ನನ್ನ ವಾದವಲ್ಲ. ಈಗ ಕೇಳುತ್ತಿರುವುದಕ್ಕಿಂತ ಬಹಳ ಹೆಚ್ಚು ಕೇಳಬೇಕು, ಬೇರೆ ರೀತಿ ಕೇಳಬೇಕು. ಅದು ಹೇಗೆಂದು ತೋರಿಸಿಕೊಟ್ಟವರಿರುವುದೂ ಇದೇ ಪುಣೆಯಲ್ಲಿ.

ಮೊದಲು ನೋಡಬೇಕಾದದ್ದು, ಯಾರನ್ನು ಕೇಳುತ್ತಾರೆ ಎಂಬುದನ್ನು.

2025ರ ಮಾರ್ಚ್ ಕೊನೆಯಲ್ಲಿ ಅವಳಿ ಮಕ್ಕಳ ಗರ್ಭಿಣಿಯೊಬ್ಬರನ್ನು ಪುಣೆಯ ದೀನಾನಾಥ ಮಂಗೇಶ್ಕರ್ ಆಸ್ಪತ್ರೆಗೆ ಕರೆತಂದಾಗ ಹತ್ತು ಲಕ್ಷ ರೂಪಾಯಿ ಮುಂಗಡ ಕೇಳಿದರು, ದಾಖಲಿಸಿಕೊಳ್ಳಲಿಲ್ಲ ಎಂಬ ಆರೋಪ ಬಂತು. ಬೇರೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಕ್ಕಳು ಉಳಿದವು, ತಾಯಿ ಉಳಿಯಲಿಲ್ಲ. ಆಸ್ಪತ್ರೆ ಮೊದಲು ಆರೋಪವನ್ನು ಅಲ್ಲಗಳೆಯಿತು. ಏಪ್ರಿಲ್ ಮೊದಲ ವಾರದಲ್ಲಿ ಊರಿಗೆ ಊರೇ ಸಿಟ್ಟಿಗೆದ್ದು ಜನ ಆಸ್ಪತ್ರೆಯ ಬಾಗಿಲಿಗೆ ಬಂದರು, ಸರ್ಕಾರ ತನಿಖೆಗೆ ಆದೇಶಿಸಿತು. ಆಮೇಲೆ, ತುರ್ತು ಚಿಕಿತ್ಸೆಗೆ ಬರುವವರಿಂದ ಇನ್ನು ಮುಂಗಡ ಪಡೆಯುವುದಿಲ್ಲ ಎಂದು ಆಸ್ಪತ್ರೆ ಪ್ರಕಟಿಸಿತು. ಯಾರದು ಎಷ್ಟು ತಪ್ಪು ಎಂಬುದನ್ನು ತನಿಖೆ, ನ್ಯಾಯಾಲಯಗಳು ಹೇಳಲಿ. ನನ್ನ ಪ್ರಶ್ನೆ ಬೇರೆ. ಈ ಕುಟುಂಬಕ್ಕೆ ಅಭಿಪ್ರಾಯದ ಅರ್ಜಿ ಯಾರು ಕೊಡುತ್ತಿದ್ದರು? ದಾಖಲೇ ಆಗದವರಿಗೆ ಡಿಸ್‌ಚಾರ್ಜ್ ಇಲ್ಲ, ಡಿಸ್‌ಚಾರ್ಜ್ ಇಲ್ಲದವರಿಗೆ ಎಸ್‌ಎಂಎಸ್ ಇಲ್ಲ. ಬಾಗಿಲಲ್ಲೇ ಹಿಂದೆ ಹೋದವರು ಯಾವ ಆಸ್ಪತ್ರೆಯ ಶೇಕಡಾ ಲೆಕ್ಕದಲ್ಲೂ ಇರುವುದಿಲ್ಲ.

ದುಡ್ಡು ಮುಗಿದು ಅರ್ಧ ಚಿಕಿತ್ಸೆಯಲ್ಲಿ ಎದ್ದು ಹೋಗುವವರದೂ ಇದೇ ಪಾಡು. ಆಸ್ಪತ್ರೆಯವರು ಅವರನ್ನು ‘ಡಾಮಾ ಕೇಸ್’ ಎನ್ನುತ್ತಾರೆ, ಎಂದರೆ ವೈದ್ಯರ ಸಲಹೆ ಮೀರಿ ಹೋದವರು. ಸಲಹೆ ಮೀರಿದ್ದು ಅವರ ಮನಸ್ಸೋ ಅವರ ಕಿಸೆಯೋ ಎಂದು ಯಾರೂ ಕೇಳುವುದಿಲ್ಲ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ಶೇಕಡಾ 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು, ಒಟ್ಟು ಬಿಲ್ಲಿನ ಶೇಕಡಾ 2ನ್ನು ಬಡರೋಗಿಗಳ ನಿಧಿಗೆ ಹಾಕಬೇಕು. ಈ ಸೌಲಭ್ಯವಿದೆ ಎಂದೇ ಗೊತ್ತಿಲ್ಲದೆ ಚಿನ್ನ ಅಡವಿಟ್ಟು ಬಿಲ್ಲು ಕಟ್ಟಿದವರು ತೃಪ್ತಿಯ ಕಾಲಂನಲ್ಲಿ ಏನು ಬರೆದಾರು? ಸಿಗಬೇಕಿತ್ತು ಎಂದು ಗೊತ್ತಿಲ್ಲದ್ದು ಸಿಗಲಿಲ್ಲ ಎಂದು ಯಾರೂ ದೂರುವುದಿಲ್ಲ. ಇನ್ನು ಸತ್ತವರ ಮನೆಯವರನ್ನು ಈ ಸಮೀಕ್ಷೆಗಳು ಕೇಳುವುದೇ ಅಪರೂಪ. ಕೇಳಲೇಬೇಕಾದವರೆಲ್ಲ ಹೊರಗುಳಿದ ಮೇಲೆ ಒಳಗಿದ್ದವರ ಸರಾಸರಿಯನ್ನು ಆಸ್ಪತ್ರೆಯ ಗುಣಮಟ್ಟ ಎಂದು ಹೆಸರಿಸುವುದು ಪ್ರಾಮಾಣಿಕತೆ ಅಲ್ಲ.

ಪ್ರಶ್ನೆ ಎದುರಿಸಿದವರಾದರೂ ಯಾವ ಸ್ಥಿತಿಯಲ್ಲಿರುತ್ತಾರೆ, ನೋಡಿ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದವರ ಜತೆ ಭಾಷೆಯ ನೆರವಿಗಾಗಿ ನಾನು ಆಗಾಗ ಆಸ್ಪತ್ರೆಗೆ ಹೋಗುತ್ತೇನೆ. ಅಂಥ ಒಂದು ದಿನ ಇಂಡಿ ತಾಲ್ಲೂಕಿನ ಗೌಂಡಿಯೊಬ್ಬರ ಹೆಂಡತಿಯ ಡಿಸ್‌ಚಾರ್ಜ್ ಇತ್ತು. ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಹೋಗಬಹುದು ಎಂದಿದ್ದರು. ಬಿಲ್ಲು ಕೈಗೆ ಬರುವಾಗ ಸಂಜೆ ನಾಲ್ಕು. ಹಣ ಕಟ್ಟಿದ ರಸೀದಿ ತೋರಿಸಿದ ಮೇಲೆ, ಡಿಸ್‌ಚಾರ್ಜ್ ಕಾರ್ಡ್ ಕೊಡುವ ಮುಂಚೆ, ಕೌಂಟರಿನ ಹುಡುಗಿ ಒಂದು ಹಾಳೆ ಮುಂದಿಟ್ಟಳು. ಮರಾಠಿ, ಇಂಗ್ಲಿಷ್ ಎರಡರಲ್ಲೂ ಇಪ್ಪತ್ತರ ಹತ್ತಿರ ಪ್ರಶ್ನೆಗಳು. ಮೇಲ್ಗಡೆ ರೋಗಿಯ ಹೆಸರು, ವಾರ್ಡು, ಮೊಬೈಲ್ ಸಂಖ್ಯೆ. ಕೊನೆಯಲ್ಲಿ ಸಹಿ. ನಾನು ಒಂದೊಂದೇ ಪ್ರಶ್ನೆ ಓದಿ ಹೇಳತೊಡಗಿದೆ. ಗೌಂಡಿ ಎರಡನೆಯದಕ್ಕೇ ತಡೆದರು: ‘ಎಲ್ಲಾ ಛಲೋ ಐತಿ ಅಂತ ಬರೀರಿ ಸಾಹೇಬ್ರ. ಮೊದಲ ಮನಿಗಿ ಬಿಟ್ರ ಸಾಕು. ನಾಳಿ ಹೊಲಿಗಿ ಬಿಚ್ಚಾಕ ಮತ್ತ ಇಲ್ಲೇ ಬರಬೇಕಲ್ಲ.’ ಅವರ ಹೆಂಡತಿ ಗಾಲಿಕುರ್ಚಿಯಲ್ಲಿ ಕೂತು ಕೈಯಲ್ಲಿದ್ದ ಐವಿ ಸೂಜಿಯ ಬ್ಯಾಂಡೇಜನ್ನೇ ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಹುಡುಗಿಯೇ ಪೆನ್ನು ತೆಗೆದುಕೊಂಡು ‘ಉತ್ತಮ’ ಎಂಬ ಕಾಲಂ ಮೇಲಿಂದ ಕೆಳಗೆ ಟಿಕ್ ಹಾಕಿದಳು. ಅವಳದೂ ತಪ್ಪಲ್ಲ. ದಿನಕ್ಕೆ ಇಂತಿಷ್ಟು ಹಾಳೆ ತುಂಬಿಸಬೇಕೆಂದು ಅವಳಿಗೆ ಹೇಳಿರುತ್ತಾರೆ.

ಗೌಂಡಿಯ ಮಾತಿನಲ್ಲಿ ಎಲ್ಲವೂ ಇದೆ. ನಾಳೆ ಮತ್ತೆ ಇಲ್ಲೇ ಬರಬೇಕು. ಹೆಸರು, ಫೋನ್ ನಂಬರು ಬರೆದುಕೊಟ್ಟು, ತನ್ನ ಜೀವ ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ದೂರು ಬರೆಯುವ ಧೈರ್ಯ ಯಾರಿಗಿದೆ? ನಮ್ಮ ಜನಕ್ಕೆ ವೈದ್ಯರ ಮೇಲೆ ಭಯದಷ್ಟೇ ಕೃತಜ್ಞತೆಯೂ ಇದೆ. ಬದುಕಿ ಮನೆಗೆ ಹೊರಟವರು ಗಂಟೆಗಟ್ಟಲೆ ಕಾದದ್ದನ್ನು, ಬೈಸಿಕೊಂಡದ್ದನ್ನು, ನೆಲದ ಮೇಲೆ ಮಲಗಿದ್ದನ್ನು ಅಲ್ಲೇ ಮರೆಯಲು ಸಿದ್ಧರಿರುತ್ತಾರೆ. ಭಯ, ಕೃತಜ್ಞತೆ, ಮನೆ ಸೇರುವ ಆತುರ, ಪರಭಾಷೆ ಈ ನಾಲ್ಕೂ ಸೇರಿ ಹಾಕಿದ ಟಿಕ್ಕುಗಳೇ ತಿಂಗಳ ಕೊನೆಯಲ್ಲಿ ‘ಶೇಕಡಾ 90ಕ್ಕೂ ಹೆಚ್ಚು ತೃಪ್ತಿ’ ಎಂದು ಪರದೆಯ ಮೇಲೆ ಮೂಡುತ್ತವೆ.

ಅದೆಲ್ಲ ಸರಿಯಾಯಿತು ಎಂದೇ ಇಟ್ಟುಕೊಳ್ಳೋಣ. ಎಲ್ಲರನ್ನೂ, ಅವರವರ ಭಾಷೆಯಲ್ಲಿ, ನಿರ್ಭಯದ ಜಾಗದಲ್ಲಿ ಕೇಳಿದರು ಎನ್ನೋಣ. ಆಗಲೂ ತೃಪ್ತಿಯು ಚಿಕಿತ್ಸೆಯ ಅಳತೆಯಾಗದು. ಊಟ ಬಿಸಿಯಿತ್ತೇ, ಹಾಸಿಗೆ ಹೊದಿಕೆ ಶುಭ್ರವಿತ್ತೇ, ಸಿಬ್ಬಂದಿ ನಗುಮುಖದಿಂದ ಮಾತಾಡಿದರೇ ಎಂಬುದನ್ನು ರೋಗಿ ಖಂಡಿತ ಹೇಳಬಲ್ಲರು. ಅವು ಸಣ್ಣ ವಿಷಯಗಳೂ ಅಲ್ಲ. ಆದರೆ ಈ ಆಪರೇಷನ್ ಬೇಕೇ ಇತ್ತೇ ಎಂಬುದನ್ನು ಅವರು ಹೇಳಲಾರರು. ಪುಣೆಯ ‘ಸಾಥಿ’ ಎಂಬ ಆರೋಗ್ಯ ಸಂಸ್ಥೆಯ ಡಾ. ಅಭಯ್ ಶುಕ್ಲಾ ಮತ್ತು ಸ್ತ್ರೀರೋಗ ತಜ್ಞ, ಲೇಖಕ ಡಾ. ಅರುಣ್ ಗದ್ರೆ 78 ವೈದ್ಯರನ್ನು ಮಾತಾಡಿಸಿ 2015ರಲ್ಲಿ ವರದಿಯೊಂದನ್ನು ಹೊರತಂದರು. ಮರುವರ್ಷ ಅದು ‘ಡಿಸೆಂಟಿಂಗ್ ಡಯಾಗ್ನೊಸಿಸ್’ ಎಂಬ ಪುಸ್ತಕವಾಯಿತು. ರೋಗಿ ಕಳಿಸಿದ್ದಕ್ಕೆ ಕಮಿಷನ್ ಕೊಡುವ ‘ಕಟ್ ಪ್ರಾಕ್ಟೀಸ್’, ಕಾರ್ಪೊರೇಟ್ ಆಸ್ಪತ್ರೆಗಳು ವೈದ್ಯರಿಗೆ ನಿಗದಿ ಮಾಡುವ ಗುರಿ, ಬೇಡದ ಪರೀಕ್ಷೆ, ಬೇಡದ ಶಸ್ತ್ರಚಿಕಿತ್ಸೆ ಇವೆಲ್ಲವನ್ನೂ ಅದರಲ್ಲಿ ವೈದ್ಯರೇ ಬಾಯಿಬಿಟ್ಟು ಹೇಳಿದರು. ರೋಗಿಗಳ ತೃಪ್ತಿಯ ಹಾಳೆಗಳನ್ನು ಗೋಣಿಗಟ್ಟಲೆ ಪೇರಿಸಿದರೂ ಇವುಗಳಲ್ಲಿ ಒಂದೂ ಬೆಳಕಿಗೆ ಬರುತ್ತಿರಲಿಲ್ಲ. ಬೇಡದ ಆಪರೇಷನ್ ಮಾಡಿಸಿಕೊಂಡವರು ‘ಸಮಯಕ್ಕೆ ಸರಿಯಾಗಿ ಪತ್ತೆಹಚ್ಚಿ ಉಳಿಸಿದರು’ ಎಂದು ಕೈಮುಗಿದು ಐದು ನಕ್ಷತ್ರ ಕೊಡುತ್ತಾರೆ.

ಕೋವಿಡ್ ಕಾಲದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಂಡಿತು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಖಾಸಗಿ ಆಸ್ಪತ್ರೆಗಳ ಶೇಕಡಾ 80 ಹಾಸಿಗೆಗಳಿಗೆ ದರ ನಿಗದಿ ಮಾಡಿತು: ಸಾಮಾನ್ಯ ವಾರ್ಡಿಗೆ ದಿನಕ್ಕೆ 4,000 ರೂಪಾಯಿ, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000. ಈ ದರ ಗೊತ್ತಿದ್ದ ಮನೆಯವರು ಎಷ್ಟು ಮಂದಿ? ಬದುಕಿಬಂದ ಸಂತೋಷದಲ್ಲಿ ಲಕ್ಷಗಟ್ಟಲೆ ಹೆಚ್ಚು ಕಟ್ಟಿ ಧನ್ಯವಾದ ಹೇಳಿ ಬಂದವರು ಎಷ್ಟೋ ಜನ. ಜನ ಆರೋಗ್ಯ ಅಭಿಯಾನದ ಕಾರ್ಯಕರ್ತರು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸರ್ಕಾರಿ ದರದ ಜತೆ ತಾಳೆ ನೋಡಿದಾಗಲೇ ಹೆಚ್ಚುವರಿ ವಸೂಲಿ ಬಯಲಾದದ್ದು. ಸತ್ಯ ಹೊರಬಂದದ್ದು ಬಿಲ್ಲಿನಿಂದ. ತೃಪ್ತಿಯ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ.

ಈ ಮಾತು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಷುವಾ ಫೆಂಟನ್ ಮತ್ತು ಸಂಗಡಿಗರು ಅಮೆರಿಕದ 50,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ ಪರಿಶೀಲಿಸಿ 2012ರಲ್ಲಿ ಅಧ್ಯಯನ ಪ್ರಕಟಿಸಿದರು. ಅತಿ ಹೆಚ್ಚು ತೃಪ್ತರಾದವರು ಒಳರೋಗಿಗಳಾಗಿ ದಾಖಲಾಗುವುದೂ ಹೆಚ್ಚಿತ್ತು, ಅವರ ಔಷಧದ ಖರ್ಚೂ ಹೆಚ್ಚಿತ್ತು. ಅವರಲ್ಲಿ ಸಾವಿನ ಸಂಭವ ಅತಿ ಕಡಿಮೆ ತೃಪ್ತರಾದವರಿಗಿಂತ ಶೇಕಡಾ 26ರಷ್ಟು ಹೆಚ್ಚಿತ್ತು. ತೃಪ್ತಿಯೇ ಸಾವಿಗೆ ಕಾರಣ ಎಂದು ಇದರಿಂದ ಹೇಳಲಾಗದು. ತೃಪ್ತಿಯೂ ಒಳ್ಳೆಯ ಚಿಕಿತ್ಸೆಯೂ ಒಂದೇ ದಾರಿಯಲ್ಲಿ ನಡೆಯುತ್ತವೆ ಎಂದು ಕಣ್ಣುಮುಚ್ಚಿ ನಂಬುವುದಂತೂ ಇದಾದ ಮೇಲೆ ಸಾಧ್ಯವಿಲ್ಲ. ಅದೇ 2012ರ ಅಕ್ಟೋಬರಿನಿಂದ ಅಮೆರಿಕ ಸರ್ಕಾರ ರೋಗಿಗಳ ಸಮೀಕ್ಷೆಯ ಅಂಕಗಳನ್ನು ಆಸ್ಪತ್ರೆಗೆ ಕೊಡುವ ಹಣಕ್ಕೆ ಜೋಡಿಸಿತು. ನಿಮ್ಮ ನೋವನ್ನು ಚೆನ್ನಾಗಿ ನಿವಾರಿಸಿದರೇ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಅಂಕಕ್ಕಾಗಿ ವೈದ್ಯರು ಅಫೀಮು ಮೂಲದ ನೋವಿನ ಮಾತ್ರೆಗಳನ್ನು ಧಾರಾಳವಾಗಿ ಬರೆಯುವ ಒತ್ತಡಕ್ಕೆ ಸಿಲುಕುತ್ತಾರೆ ಎಂಬ ಕೂಗೆದ್ದಿತು. ದೇಶ ಆ ಮಾತ್ರೆಗಳ ಚಟದಲ್ಲಿ ಸಾವಿರಾರು ಜನರನ್ನು ಕಳೆದುಕೊಳ್ಳುತ್ತಿದ್ದ ಕಾಲ ಅದು. 2018ರ ಹಣಕಾಸು ವರ್ಷದಿಂದ ನೋವಿನ ಪ್ರಶ್ನೆಗಳನ್ನು ಹಣದ ಲೆಕ್ಕದಿಂದ ಕೈಬಿಡಬೇಕಾಯಿತು. ಅಂಕ ಬೆನ್ನಟ್ಟಿದ ವ್ಯವಸ್ಥೆ ಇಂಥ ಕಡೆಗೇ ಹೋಗಿ ತಲುಪುತ್ತದೆ.

ಇನ್ನು ಈ ಹಾಳೆಗಳು, ಗುಂಡಿ ಒತ್ತಿದ ಉತ್ತರಗಳು ಎಲ್ಲಿಗೆ ಹೋಗುತ್ತವೆ? ಖಾಸಗಿ ಆಸ್ಪತ್ರೆಯಲ್ಲಿ ಗುಣಮಟ್ಟ ವಿಭಾಗದ ಕಡತಕ್ಕೆ. ಮಾನ್ಯತೆಯ ತಪಾಸಕರು ಬಂದಾಗ ತೋರಿಸಲು ಅವು ಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಡ್ಯಾಷ್‌ಬೋರ್ಡಿಗೆ. ಗುಂಡಿ ಒತ್ತಿದವರಿಗೆ, ನೀವು ಹೇಳಿದ ವಿಷಯ ವಿಚಾರಿಸಿದೆವು, ಹೀಗಾಗಿತ್ತು, ಹೀಗೆ ಸರಿಪಡಿಸಿದೆವು ಎಂಬ ಉತ್ತರ ಬರುವುದಿಲ್ಲ. ಬರಬೇಕೆಂದು ಆ ವ್ಯವಸ್ಥೆಯನ್ನು ಕಟ್ಟಿಯೇ ಇಲ್ಲ. ಕ್ರಮ ಎಂದು ಏನಾದರೂ ಆದರೆ ಅದು ಕೆಳಗಿನವರ ತಲೆಯ ಮೇಲೆ ಬೀಳುತ್ತದೆ. ‘ಸಿಬ್ಬಂದಿಯ ವರ್ತನೆ ಸರಿಯಿಲ್ಲ’ ಎಂಬ ಟಿಕ್ಕಿಗೆ ಬೈಸಿಕೊಳ್ಳುವವರು ನರ್ಸು, ವಾರ್ಡಿನಲ್ಲಿ ಮಾಮಾ, ಮಾವಶಿ ಎಂದು ಕರೆಯುವ ಸಹಾಯಕರು, ಗುತ್ತಿಗೆಯ ಸಫಾಯಿಯವರು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೋ ಇಬ್ಬರೋ ನೋಡಿಕೊಳ್ಳುವುದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದವರೆಲ್ಲ ಕಂಡಿದ್ದಾರೆ. ಕರೆದಾಗ ನರ್ಸ್ ಬರಲಿಲ್ಲ ಎಂಬುದು ರೋಗಿಗೆ ನಿಜ. ಆ ನರ್ಸ್ ಅದೇ ಹೊತ್ತಿಗೆ ಇನ್ನೊಬ್ಬರ ಆಮ್ಲಜನಕ ಸರಿಪಡಿಸುತ್ತಿದ್ದದ್ದೂ ನಿಜ. ಹುದ್ದೆ ತುಂಬದೆ ಖಾಲಿ ಬಿಟ್ಟವರು ಯಾರು ಎಂಬ ಪ್ರಶ್ನೆಗೆ ನಕ್ಷತ್ರದ ಹಾಳೆಯಲ್ಲಿ ಕಾಲಂ ಇಲ್ಲ.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ಕತೆ ನಮ್ಮ ಆಡಳಿತಗಾರರು ಓದಬೇಕಾದದ್ದು. 2005ರಿಂದ 2009ರವರೆಗೆ ಅಲ್ಲಿ ರೋಗಿಗಳು ಭೀಕರ ನಿರ್ಲಕ್ಷ್ಯಕ್ಕೆ ಒಳಗಾದರು. ಆಡಳಿತ ಮಂಡಳಿಯ ಕಣ್ಣು ಗುರಿ, ಅಂಕಿ, ಖರ್ಚುಗಳ ಮೇಲಿತ್ತು. 2007ರಲ್ಲಿ ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಎಂಬ ಮಹಿಳೆ ಹಾಗೂ ಅವರಂಥ ಇತರ ಕುಟುಂಬದವರು ಒಟ್ಟಾಗಿ ಹಟ ಹಿಡಿದು ಕೂತದ್ದರಿಂದ ಸತ್ಯ ಹೊರಬಂತು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆಯ ವರದಿ 2013ರ ಫೆಬ್ರುವರಿಯಲ್ಲಿ 290 ಶಿಫಾರಸುಗಳೊಂದಿಗೆ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳು, ಈ ಆಸ್ಪತ್ರೆಯನ್ನು ನಿಮ್ಮ ಬಂಧುಮಿತ್ರರಿಗೆ ಶಿಫಾರಸು ಮಾಡುತ್ತೀರಾ ಎಂದು ಎಲ್ಲರನ್ನೂ ಕೇಳಲು ಶುರು ಮಾಡಿದವು. ಏಳು ವರ್ಷಗಳ ನಂತರ, 2020ರಲ್ಲಿ, ಆ ಪ್ರಶ್ನೆಯನ್ನೇ ಬದಲಿಸಬೇಕಾಯಿತು. ಸ್ಟಾಫರ್ಡಿನ ಸತ್ಯವನ್ನು ಹೊರಗೆಳೆದದ್ದು ಹೆಸರು ಹೇಳಿ ಎದ್ದು ನಿಂತ ಕುಟುಂಬಗಳು ಮತ್ತು ಅವರಿಗೆ ಉತ್ತರ ಕೊಡಲೇಬೇಕಾದ ವಿಚಾರಣೆ.

ಈಗ ಪುಣೆಗೇ ಬರೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಅದರೊಳಗೆ ಒಂದು ದಿಟ್ಟ ವಿಚಾರವಿತ್ತು: ಸರ್ಕಾರಿ ಆರೋಗ್ಯ ಸೇವೆಯ ಮೇಲೆ ಜನರೇ ನಿಗಾ ಇಡಬೇಕು. 2007ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಒಂಬತ್ತು ರಾಜ್ಯಗಳಲ್ಲಿ ಇದು ಪ್ರಾಯೋಗಿಕವಾಗಿ ಶುರುವಾಯಿತು. ಮಹಾರಾಷ್ಟ್ರದಲ್ಲಿ ಪುಣೆ, ಠಾಣೆ, ನಂದುರಬಾರ್, ಅಮರಾವತಿ, ಉಸ್ಮಾನಾಬಾದ್ ಎಂಬ ಐದು ಜಿಲ್ಲೆಗಳನ್ನು ಆರಿಸಿಕೊಂಡರು. ರಾಜ್ಯಮಟ್ಟದ ಹೊಣೆ ಪುಣೆಯ ಸಾಥಿ ಸಂಸ್ಥೆಗೆ ಬಂತು. ಮುಂದೆ ಇದು ಸೋಲಾಪುರ, ಕೊಲ್ಹಾಪುರದಂಥ ಗಡಿ ಜಿಲ್ಲೆಗಳಿಗೂ ಹರಡಿತು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಹಳ್ಳಿಯ ಆರೋಗ್ಯ ಸಮಿತಿಯವರು, ಸಂಘಟನೆಯ ಕಾರ್ಯಕರ್ತರು ಊರವರ ಜತೆ ಕೂತು ಒಂದೊಂದೇ ಸೇವೆಯನ್ನು ಪರಿಶೀಲಿಸುತ್ತಾರೆ. ನರ್ಸಮ್ಮ ಊರಿಗೆ ಬರುತ್ತಾರೆಯೇ? ಮಕ್ಕಳಿಗೆ ಲಸಿಕೆ ಸಿಗುತ್ತಿದೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಆಗುತ್ತದೆಯೇ? ಔಷಧ ಅಲ್ಲೇ ಕೊಡುತ್ತಾರೆಯೇ, ಹೊರಗೆ ಚೀಟಿ ಬರೆಯುತ್ತಾರೆಯೇ? ಜನನಿ ಸುರಕ್ಷಾ ಯೋಜನೆಯ ಹಣ ಬಂತೇ? ಚೆನ್ನಾಗಿದ್ದರೆ ಹಸಿರು, ಅರೆಬರೆಯಾದರೆ ಹಳದಿ, ಕೆಟ್ಟಿದ್ದರೆ ಕೆಂಪು ಎಂದು ಪಟ್ಟಿಯಲ್ಲಿ ಬಣ್ಣ ಹಾಕುತ್ತಾರೆ. ಅಕ್ಷರ ಬಾರದವರೂ ನೋಡಿದ ತಕ್ಷಣ ಊರಿನ ಆರೋಗ್ಯ ಸೇವೆಯ ಸ್ಥಿತಿ ತಿಳಿಯುತ್ತಾರೆ. ಆ ಪಟ್ಟಿಯನ್ನು ಊರಲ್ಲೇ, ಎಲ್ಲರಿಗೂ ಕಾಣುವಂತೆ ಇಡುತ್ತಾರೆ.

ಆಮೇಲೆ ಜನಸುನವಾಯಿ, ಎಂದರೆ ಜನರ ಬಹಿರಂಗ ಅಹವಾಲು ಸಭೆ. ಆರೋಗ್ಯ ಕೇಂದ್ರದ ಅಂಗಳದಲ್ಲೋ ಊರಿನ ಸಭಾಮಂಟಪದಲ್ಲೋ ಜನ ನೆಲದ ಮೇಲೆ ಕೂರುತ್ತಾರೆ. ಎದುರಿಗೆ ವೈದ್ಯಾಧಿಕಾರಿ, ತಾಲ್ಲೂಕು ಮತ್ತು ಜಿಲ್ಲೆಯ ಆರೋಗ್ಯಾಧಿಕಾರಿಗಳು, ಪಂಚಾಯಿತಿಯವರು, ಹೊರಗಿನಿಂದ ಬಂದ ತಟಸ್ಥರು. ಒಬ್ಬರು ಎದ್ದು ನಿಂತು ಔಷಧದಂಗಡಿಯ ರಸೀದಿ ಕೈಯೆತ್ತಿ ಹಿಡಿಯುತ್ತಾರೆ: ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕಾದ ಮಾತ್ರೆಯನ್ನು ಇಲ್ಲಿಂದ ತರಿಸಿದರು. ಇನ್ನೊಬ್ಬರು ಹೆರಿಗೆ ನೋವಿನಲ್ಲಿ ಬಂದ ಸೊಸೆಯನ್ನು ಯಾವ ತಾರೀಕು, ಎಷ್ಟು ಹೊತ್ತಿಗೆ ಹಿಂದೆ ಕಳಿಸಿದರೆಂದು ಹೇಳುತ್ತಾರೆ. ಅಧಿಕಾರಿ ಎಲ್ಲರೆದುರು ಉತ್ತರ ಕೊಡಬೇಕು, ಇಂಥ ದಿನದೊಳಗೆ ಸರಿಪಡಿಸುತ್ತೇನೆ ಎಂದು ಮಾತು ಕೊಡಬೇಕು. ಮುಂದಿನ ಸಭೆಯಲ್ಲಿ ಅದೇ ಜನ ಅದೇ ಮಾತನ್ನು ನೆನಪಿಸುತ್ತಾರೆ. ಉಚಿತ ಸೇವೆಗೆ ಹಣ ಕೀಳುವುದು, ಹೊರಗಿನ ಅಂಗಡಿಗೆ ಚೀಟಿ ಬರೆಯುವುದು ಅನೇಕ ಕಡೆ ನಿಂತದ್ದು ಈ ಬಗೆಯ ಸಭೆಗಳಿಂದ. ಆಸ್ಪತ್ರೆಗೆ ಬರುವ ಅನುದಾನವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ತೀರ್ಮಾನದಲ್ಲೂ ಜನ ಪಾಲು ಕೇಳತೊಡಗಿದರು.

ಇಲ್ಲಿ ಮಾತಾಡಿದವರು ಒಬ್ಬೊಬ್ಬರೇ ಕೌಂಟರಿನ ಮುಂದೆ ನಿಂತಿರಲಿಲ್ಲ, ಊರಿನ ಜತೆ ನಿಂತಿದ್ದರು. ಹಾಗಾಗಿ ನಾಳೆ ಮತ್ತೆ ಇಲ್ಲೇ ಬರಬೇಕಲ್ಲ ಎಂಬ ಭಯ ಅರ್ಧಕ್ಕರ್ಧ ಕರಗಿತ್ತು. ಹಿಂದೆ ಕಳಿಸಲ್ಪಟ್ಟವರೂ, ಸತ್ತವರ ಮನೆಯವರೂ ಅಲ್ಲಿದ್ದರು. ದೂರು ಹೇಳಿದವರಿಗೆ ದೂರಿನ ಗತಿ ಏನಾಯಿತೆಂದು ತಿಳಿಯುತ್ತಿತ್ತು. ಮುಖ್ಯವಾಗಿ, ವೈದ್ಯರೂ ಅಲ್ಲಿ ಬಾಯಿಬಿಡಬಹುದಿತ್ತು: ನನ್ನ ಕೇಂದ್ರದಲ್ಲಿ ಎರಡು ಹುದ್ದೆ ಖಾಲಿ, ಹಾವಿನ ವಿಷದ ಚುಚ್ಚುಮದ್ದು ಜಿಲ್ಲೆಯಿಂದಲೇ ಬಂದಿಲ್ಲ, ಆಂಬುಲೆನ್ಸ್ ಕೆಟ್ಟು ನಿಂತಿದೆ. ಆಗ ಜನರ ಸಿಟ್ಟು ಎದುರಿಗಿದ್ದ ನರ್ಸಮ್ಮನನ್ನು ದಾಟಿ ಹುದ್ದೆ ತುಂಬದವರ ಕಡೆ ತಿರುಗುತ್ತಿತ್ತು. ತಪ್ಪು ಎಲ್ಲಿದೆಯೋ ಅಲ್ಲಿಗೆ ಪ್ರಶ್ನೆ ತಲುಪುತ್ತಿತ್ತು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಅವುಗಳಲ್ಲಿ ಗಂಭೀರವಾದದ್ದು ವೈದ್ಯರದು. ವೈದ್ಯರ ಮೇಲೆ ಹಲ್ಲೆಗಳು ಹೆಚ್ಚುತ್ತಿವೆ. ಮಹಾರಾಷ್ಟ್ರ 2010ರಲ್ಲೇ ಇದರ ವಿರುದ್ಧ ಕಾನೂನು ಮಾಡಿದರೂ ನಿಂತಿಲ್ಲ. ಹೀಗಿರುವಾಗ ಬಹಿರಂಗ ವಿಚಾರಣೆ ಬೆಂಕಿಗೆ ತುಪ್ಪ ಸುರಿದಂತಾಗುವುದಿಲ್ಲವೇ? ಈ ಭಯ ನಿಜವಾದದ್ದು, ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಕಲ್ಲು ಎತ್ತುವವರು ಹೆಚ್ಚಾಗಿ ಕೇಳುವವರೇ ಇಲ್ಲದವರು. ರಾತ್ರಿ ಎರಡು ಗಂಟೆಗೆ ಹೆಣ ಮುಂದಿಟ್ಟುಕೊಂಡು ಏನಾಯಿತೆಂದು ಕೇಳುವ ಕುಟುಂಬಕ್ಕೆ ಉತ್ತರ ಕೊಡುವ ಮನುಷ್ಯರೂ ಇಲ್ಲ, ವ್ಯವಸ್ಥೆಯೂ ಇಲ್ಲ. ದೂರಿಗೆ ನಂಬಿಕೆಯ ಜಾಗವಿರುವಲ್ಲಿ ಸಿಟ್ಟು ಮಾತಾಗಿ ಹೊರಬರುತ್ತದೆ. ಅಂಥ ಜಾಗ ಕಟ್ಟುವುದು ವೈದ್ಯರ ರಕ್ಷಣೆಯೂ ಹೌದು.

ಎರಡನೆಯ ಆಕ್ಷೇಪ: ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಮೇಲಲ್ಲವೇ? ಅಲ್ಲ. ಸುಳ್ಳು ಸಮಾಧಾನ ಕೊಡುವ ಅಳತೆಯು ಅಳತೆಯಿಲ್ಲದ್ದಕ್ಕಿಂತ ಅಪಾಯಕಾರಿ. ತೃಪ್ತಿಯ ಶೇಕಡಾವಾರು ಕೈಯಲ್ಲಿದ್ದರೆ ದೂರು ತಂದವರನ್ನು ‘ನಿಮ್ಮೊಬ್ಬರದೇ ತಕರಾರು’ ಎಂದು ಬಾಯಿ ಮುಚ್ಚಿಸಬಹುದು. ಲಕ್ಷಾಂತರ ರೋಗಿಗಳಿರುವಾಗ ಅಂಕಿಸಂಖ್ಯೆ ಇಲ್ಲದೆ ಆಡಳಿತ ಹೇಗೆ ಎನ್ನುವವರಿಗೆ ನನ್ನ ಉತ್ತರ: ಅಂಕಿ ಬೇಕು. ಎಷ್ಟು ದೂರು ಬಂದವು, ಎಷ್ಟಕ್ಕೆ ಲಿಖಿತ ಉತ್ತರ ಹೋಯಿತು, ಎಷ್ಟು ದಿನ ಹಿಡಿಯಿತು, ಏನು ಬದಲಾಯಿತು, ಎಷ್ಟು ಜನರನ್ನು ಬಾಗಿಲಿಂದ ವಾಪಸು ಕಳಿಸಿದಿರಿ, ಅದರ ಕಾರಣವೇನು, ಈ ಅಂಕಿಗಳನ್ನು ಕೊಡಿ. ಅವನ್ನು ಪ್ರಕಟಿಸಲು ಎಷ್ಟು ಆಸ್ಪತ್ರೆಗಳು ಸಿದ್ಧವಿವೆ?

ಕರ್ನಾಟಕದವರಿಗೆ ಒಂದು ಘಟನೆ ನೆನಪಿರಬೇಕು. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದರು. ದರ ನಿಯಂತ್ರಣ, ರೋಗಿಗಳ ದೂರನ್ನು ಜಿಲ್ಲಾ ಮಟ್ಟದಲ್ಲೇ ವಿಚಾರಿಸುವ ವ್ಯವಸ್ಥೆ, ತಪ್ಪಿಗೆ ಶಿಕ್ಷೆ ಅದರಲ್ಲಿದ್ದವು. ಆ ನವೆಂಬರಿನಲ್ಲಿ ರಾಜ್ಯದುದ್ದಕ್ಕೂ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ಬೆಳಗಾವಿ ಅಧಿವೇಶನದ ಹೊತ್ತಿಗೆ ಮಸೂದೆಯನ್ನು ಸಡಿಲಿಸಬೇಕಾಯಿತು. ವೈದ್ಯರ ಆಕ್ಷೇಪಗಳಲ್ಲಿ ಕೆಲವಕ್ಕೆ ಆಧಾರವಿತ್ತು ಎಂದೇ ಒಪ್ಪೋಣ. ಆದರೂ ಇದನ್ನು ಯೋಚಿಸಿ: ಈ ದೇಶದ ಯಾವ ಊರಿನಲ್ಲಾದರೂ ತೃಪ್ತಿಯ ಹಾಳೆಯ ವಿರುದ್ಧ, ನಕ್ಷತ್ರಗಳ ವಿರುದ್ಧ ಒಂದೇ ಒಂದು ಮುಷ್ಕರ ನಡೆದದ್ದುಂಟೇ? ಯಾರಿಗೂ ಅದರಿಂದ ತೊಂದರೆಯಿಲ್ಲ, ಅದಕ್ಕೇ ಎಲ್ಲರೂ ಅದನ್ನು ಒಪ್ಪುತ್ತಾರೆ. ಉತ್ತರ ಕೊಡಬೇಕಾದ ವ್ಯವಸ್ಥೆ ಬಂದ ಕೂಡಲೇ ಬೀದಿಗಿಳಿಯುತ್ತಾರೆ. ಬದಲಾವಣೆ ತರುವ ಶಕ್ತಿ ಯಾವುದಕ್ಕಿದೆ ಎಂಬುದನ್ನು ವಿರೋಧಿಸಿದವರೇ ತೋರಿಸಿಕೊಟ್ಟರು.

ಹೊಸ ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳಿವೆ. ತನ್ನ ಅಹವಾಲು ಹೇಳಿಕೊಂಡು ಪರಿಹಾರ ಪಡೆಯುವುದು ಅವುಗಳಲ್ಲೊಂದು. ಮಹಾರಾಷ್ಟ್ರ 2021ರಲ್ಲಿ ನರ್ಸಿಂಗ್ ಹೋಮ್ ನೋಂದಣಿ ನಿಯಮಗಳಿಗೆ ತಿದ್ದುಪಡಿ ತಂದಿದೆ. ಹಕ್ಕುಪತ್ರವನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕು, ದೂರು ಸ್ವೀಕರಿಸಲು ಸ್ಥಳೀಯ ಪ್ರಾಧಿಕಾರ ಟೋಲ್ ಫ್ರೀ ಸಂಖ್ಯೆ ಸಹಿತ ವ್ಯವಸ್ಥೆ ಮಾಡಬೇಕು ಎಂದು ಅದು ಹೇಳುತ್ತದೆ. ಪುಣೆ ನಗರದಲ್ಲಿ ಆ ಪ್ರಾಧಿಕಾರ ಎಂದರೆ ಮಹಾನಗರಪಾಲಿಕೆ. ಪಾಲಿಕೆಗೆ ನಾನು ಕೇಳುವುದು ಇಷ್ಟು: ಬಂದ ಪ್ರತಿ ದೂರಿಗೂ ಸಂಖ್ಯೆ ಕೊಡಿ, ಉತ್ತರಕ್ಕೆ ಗಡುವು ಹಾಕಿ. ಮೂರು ತಿಂಗಳಿಗೊಮ್ಮೆ ನಗರದಲ್ಲೂ ಜನಸುನವಾಯಿ ನಡೆಸಿ. ಖಾಸಗಿ, ಧರ್ಮಾರ್ಥ ಆಸ್ಪತ್ರೆಗಳನ್ನೂ ಅದಕ್ಕೆ ಕರೆಸಿ. ವಾಪಸು ಕಳಿಸಿದ ರೋಗಿಗಳ ವಹಿಯನ್ನು ಪ್ರತಿ ಆಸ್ಪತ್ರೆಯೂ ಇಡುವಂತೆ ಮಾಡಿ. ಸಮೀಕ್ಷೆ ಮಾಡಲೇಬೇಕೆಂದಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದವರು, ಡಿಸ್‌ಚಾರ್ಜ್ ಆಗಿ ಕೆಲವು ವಾರಗಳಾದ ಮೇಲೆ, ರೋಗಿಯ ಮನೆಯಲ್ಲಿ, ರೋಗಿಯ ಭಾಷೆಯಲ್ಲಿ ಮಾಡಲಿ.

ಪುಣೆಯ ಕನ್ನಡಿಗರಿಗೂ ಒಂದು ಮಾತು. ನಮ್ಮಲ್ಲಿ ಕನ್ನಡ ಸಂಘವಿದೆ, ವೈದ್ಯರಾಗಿದ್ದ ಡಾ. ಕಲ್ಮಾಡಿ ಶಾಮರಾಯರ ಹೆಸರಿನಲ್ಲಿ ಎರಂಡವಣೆಯಲ್ಲಿ ಶಾಲೆ ನಡೆಸುವಷ್ಟು ಶಕ್ತಿ ಅದಕ್ಕಿದೆ. ಹಿಂಜವಡಿಯ ಕಂಪನಿಗಳಲ್ಲಿ ಓದು ಬಲ್ಲ ಕನ್ನಡಿಗರು ಸಾವಿರಾರು ಜನ ಇದ್ದಾರೆ. ಮರಾಠಿ ಬಾರದ ಕೂಲಿಕಾರರ ಜತೆ ಆಸ್ಪತ್ರೆಗೆ ಹೋಗಿ ದೂರು ಬರೆದುಕೊಡುವವರ ಒಂದು ಗುಂಪು ಕಟ್ಟುವುದು ನಮ್ಮಿಂದ ಆಗದ ಕೆಲಸವಲ್ಲ.

ಓದುಗರಲ್ಲಿ ನನ್ನ ವಿನಂತಿ. ಮುಂದಿನ ಸಲ ಆಸ್ಪತ್ರೆಯವರು ನಕ್ಷತ್ರ ಒತ್ತಿ ಎಂದಾಗ ಒಳ್ಳೆಯದಾಗಿದ್ದರೆ ಆ ನರ್ಸನ್ನು, ಆ ವೈದ್ಯರನ್ನು ಹೆಸರು ಹಿಡಿದು ಹೊಗಳಿ ಬರೆದುಕೊಡಿ. ಅವರಿಗೆ ಅದು ಸಲ್ಲಬೇಕು. ಕೆಟ್ಟದ್ದಾಗಿದ್ದರೆ ಗುಂಡಿ ಒತ್ತಿ ಸುಮ್ಮನಾಗಬೇಡಿ. ತಾರೀಕು, ಹೊತ್ತು, ನಡೆದದ್ದನ್ನು ಕಾಗದದಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ. ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕೆಂದು ವೈದ್ಯಕೀಯ ನಡಾವಳಿಯ ನಿಯಮವೇ ಹೇಳುತ್ತದೆ. ಉತ್ತರ ಬರುವವರೆಗೆ ಮತ್ತೆ ಮತ್ತೆ ಕೇಳಿ, ಒಬ್ಬರೇ ಹೋಗದೆ ನಾಲ್ಕು ಜನ ಕೂಡಿ ಹೋಗಿ. ಉತ್ತರ ಕೊಡಲೇಬೇಕಾದ ದಿನ ಆಸ್ಪತ್ರೆಗಳು ಸುಧಾರಿಸುತ್ತವೆ, ಅದಕ್ಕಿಂತ ಒಂದು ದಿನ ಮೊದಲೂ ಅಲ್ಲ.